ಆರಿಸಿ ತೆಗೆದ ಕಾಳು

ನರ್ಸಮ್ಮ ಹುಡುಗಿಯ ಬೆರಳಿಗೆ ಸೂಜಿ ಚುಚ್ಚಿ ಹಿಂಡಿದಳು. ಏನೂ ಬರಲಿಲ್ಲ. ಮತ್ತೊಮ್ಮೆ ಹಿಂಡಿದ ಮೇಲೆ ಸಾಸಿವೆ ಗಾತ್ರದ ಒಂದು ಹನಿ, ದೊಡ್ಡ ಉಪಕಾರ ಮಾಡುತ್ತಿರುವಂತೆ, ಮೆಲ್ಲಗೆ ಹೊರಬಂದು ಕೂತಿತು.

"ಎಂಟು ಪಾಯಿಂಟ್ ಒಂದು," ಎಂದಳು, ಅಂಗೈಯಲ್ಲಿದ್ದ, ರಕ್ತದ ಸತ್ವ ಅಳೆಯುವ ಯಂತ್ರ ನೋಡುತ್ತಾ. "ಹೋದ್ಸಲ ಎಂಟೂವರೆ ಇತ್ತು. ಅಜ್ಜೀ, ಇದು ಇಳೀತಾ ಇದೆ."

ಶಾಲೆಯ ಅಡುಗೆಮನೆ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಹದ್ದಜ್ಜಿ, "ಎಷ್ಟಿರಬೇಕು?" ಎಂದಳು.

"ಹನ್ನೊಂದೂವರೆ. ಎಂಟರ ಕೆಳಗೆ ಹೋದ್ರೆ ನನ್ನ ಕೈಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ರಕ್ತ ಏರಿಸಬೇಕಾಗುತ್ತೆ."

ಮೂರನೇ ಕ್ಲಾಸಿನ ಆ ಹುಡುಗಿ ಅಜ್ಜಿಯ ಮಗಳ ಮಗಳು. ತಾಯಿ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದುದರಿಂದ ಕೂಸು ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲೇ. ಈಚೆಗೆ ಅವಳ ತುಟಿಗೂ ಸೀಮೆಸುಣ್ಣಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಕೂತಲ್ಲೇ ನಿದ್ದೆ. ಮಗ್ಗಿ ಒಪ್ಪಿಸುವಾಗ ಏಳೆಂಟ್ಲ ಐವತ್ತಾರಕ್ಕೂ ಏಳೊಂಬತ್ಲ ಅರವತ್ತಮೂರಕ್ಕೂ ನಡುವೆ ಒಂದು ಪೂರ್ತಿ ನಿದ್ದೆ ಮುಗಿಸಿ, ಆಕಳಿಸಿ, ಮುಂದುವರಿಸುತ್ತಿದ್ದಳು.

ಹದ್ದಿನ ಕಣ್ಣಿನ ಹದ್ದಜ್ಜಿಯೆಂದರೆ ಸಾಮಾನ್ಯಳಲ್ಲ. ಇನ್ನೂರ ಹನ್ನೆರಡು ಹೊಟ್ಟೆಗಳನ್ನು ಹತ್ತೊಂಬತ್ತು ವರ್ಷದಿಂದ ತುಂಬಿಸುತ್ತಿದ್ದವಳು. ಆಕೆ ಮೊರ ಎತ್ತಿದರೆ ಅಕ್ಕಿಯೊಳಗಿನ ಕಲ್ಲುಗಳು ತಾವಾಗಿಯೇ ಅಂಚಿಗೆ ಬಂದು ಶರಣಾಗುತ್ತಿದ್ದವು. ಹುಳುಗಳಂತೂ ಆಕೆಯ ಕೆಮ್ಮು ಕೇಳಿಸಿದೊಡನೆ ಸಂಸಾರ ಕಟ್ಟಿಕೊಂಡು ಪಕ್ಕದ ಶಾಲೆಗೆ ವಲಸೆ ಹೋಗುತ್ತಿದ್ದವು. ಆಕೆಯ ಅನ್ನದಲ್ಲಿ ಒಂದೇ ಒಂದು ಸಲ, ಒಬ್ಬ ಮೇಷ್ಟ್ರು, ಕಲ್ಲು ಸಿಕ್ಕಿತು ಎಂದು ಕೂಗಿದ್ದರು. ಬಾಯಿ ತೆಗೆಸಿ ನೋಡಿದರೆ ಅದು ಅವರದೇ ಹಲ್ಲು.

ಇಂಥ ಹೆಂಗಸು ಒಂದು ವರ್ಷದಿಂದ ಕುಗ್ಗಿ ಹೋಗಿದ್ದಳು. ಬೆಳಗಿನ ಆರಕ್ಕೆಲ್ಲ ಬಂದು ಮೊರದ ಮೇಲೆ ಬಗ್ಗಿದರೆ ಎಂಟೂವರೆಗೆ ತಲೆಯೆತ್ತುವಾಗ ಕುತ್ತಿಗೆಯ ಲಟಿಕೆ ಬೀದಿಯ ಕೊನೆಗೂ ಕೇಳಿಸುತ್ತಿತ್ತು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

"ನನಗೊಂದು ಅರ್ಥ ಆಗ್ತಿಲ್ಲ," ಎಂದಳು ನರ್ಸಮ್ಮ. ಬೆಳಗಿನಿಂದ ಎಂಬತ್ತು ಬೆರಳು ಚುಚ್ಚಿ ಅವಳ ದನಿಯೂ ಸವೆದಿತ್ತು. "ಈ ಸುತ್ತಿನಲ್ಲಿ ಹನ್ನೊಂದು ಶಾಲೆ. ಹತ್ತರಲ್ಲೂ ಮಕ್ಕಳ ರಕ್ತದ ಮಟ್ಟ ಏರಿದೆ. ನಿಮ್ಮಲ್ಲಿ ಮಾತ್ರ ಅಲ್ಲೇ ಇದೆ, ಇಲ್ಲ ಇಳಿದಿದೆ. ಅಕ್ಕಿ ಎಲ್ರಿಗೂ ಒಂದೇ ಗೋದಾಮಿಂದು."

ಒಳಗೆ ಬೇಳೆ ಕಲಕುತ್ತಿದ್ದ ಗುಡುಗಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಅಜ್ಜಿಯ ಕೈಕೆಳಗಿನವಳು; ಅವಳು ಪಿಸುಗುಟ್ಟಿದರೂ ಆಚೆ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು.

"ಏನ್ ನರ್ಸಮ್ಮಾ, ನಮ್ಮಡುಗೆ ಮೇಲೆ ಅನುಮಾನವಾ? ನಮ್ಮಜ್ಜಿ ಅನ್ನ ನೋಡಿದ್ದೀರಾ? ಪ್ರಾರ್ಥನೆಗೆ ನಿಂತ ಮಕ್ಕಳ ಥರ ಒಂದೊಂದು ಅಗುಳೂ ಬೇರೆ ಬೇರೆ ನಿಲ್ಲುತ್ತೆ. ಪಕ್ಕದ ಶಾಲೇದು ಗೋಡೆಗೆ ಪೋಸ್ಟರ್ ಅಂಟಿಸೋಕೆ ಲಾಯಕ್ಕು!"

"ಅಡುಗೆ ಬಗ್ಗೆ ಹೇಳ್ಲಿಲ್ಲಮ್ಮಾ. ಅಕ್ಕಿ ತೋರಿಸಿ."

ಹದ್ದಜ್ಜಿ ಉಗ್ರಾಣದ ಬಾಗಿಲು ತೆಗೆದಳು. ಆರಿಸಿಟ್ಟ ಅಕ್ಕಿಯ ಡ್ರಮ್ಮಿನ ಮುಚ್ಚಳ ಎತ್ತಿದ್ದೇ ತಡ, ಆ ಬಿಳುಪಿಗೆ ಉಗ್ರಾಣದ ದೀಪವೇ ನಾಚಿ ಮಂಕಾಯಿತು. ನರ್ಸಮ್ಮ ಕೈ ಹಾಕಿ ಒಂದು ಹಿಡಿ ತೆಗೆದಳು, ಬೆರಳಿಂದ ಹರಡಿದಳು. ಇನ್ನೊಂದು ಹಿಡಿ ತೆಗೆದಳು. ತಳದಿಂದ ಮತ್ತೊಂದು.

"ಆ ಕಾಳುಗಳೆಲ್ಲಿ?"

"ಯಾವ ಕಾಳು?"

"ಒಂಚೂರು ಹಳದಿ. ಎಲ್ಲಾ ಒಂದೇ ಅಳತೆ. ನೂರಕ್ಕೊಂದು ಇರುತ್ತಲ್ಲ."

ಅಜ್ಜಿಯ ಮುಖ ಅರಳಿತು. ಒಂದು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ.

"ಓ, ಆ ಪ್ಲಾಸ್ಟಿಕ್ಕಾ! ನಿಮ್ಗೂ ಗೊತ್ತಾಯ್ತಾ? ಅಕ್ಕಿಗೆ ಬೆರಕೆ ಮಾಡಿ ಕಳಿಸ್ತಿದ್ದಾರೆ ತಾಯಿ, ಕಟುಕರು. ನೀರಿಗೆ ಹಾಕಿದ್ರೆ ತೇಲುತ್ತೆ. ತೇಲಿದ್ದನ್ನ ಜರಡಿಯಲ್ಲಿ ಎತ್ತೋದು, ಉಳಿದದ್ದನ್ನ ಕೈಯಲ್ಲಿ ಆರಿಸೋದು. ಮೊದಲ ದಿನವೇ ಹಿಡಿದೆ ನಾನು. ಒಂದು ಕಾಳು, ಒಂದೇ ಒಂದು ಕಾಳು ನಮ್ಮ ಮಕ್ಕಳ ಹೊಟ್ಟೆಗೆ ಹೋಗಿದ್ರೆ ನನ್ನ ಕಣ್ಣು ಕಿತ್ತುಬಿಡಿ."

ಮೇಲಿನ ಹಲಗೆಯಿಂದ ಆಕೆ ಡಬ್ಬಗಳನ್ನು ಇಳಿಸತೊಡಗಿದಳು. ದೊಡ್ಡ ಸಾಹೇಬರು ಯಾವತ್ತಾದರೂ ಬಂದರೆ ಸಾಕ್ಷಿಗಿರಲಿ ಎಂದು ಕೂಡಿಟ್ಟದ್ದು. ಒಂದು, ಎರಡು, ಆರು, ಒಂಬತ್ತು. ದಿನಕ್ಕೆ ಕಾಲು ಕಿಲೋ ಲೆಕ್ಕದಲ್ಲಿ ಒಂದು ವರ್ಷದ ಬೆಳಗುಗಳು. ಹಿಮಾಲಯ ಒಂದು ಚೂರು ಎತ್ತರ ಜಾಸ್ತಿಯಿರಬಹುದು, ಅಷ್ಟೆ.

ನರ್ಸಮ್ಮ ಮೂಟೆಯ ಮೇಲೆ ಕುಸಿದು ಕೂತಳು.

"ಅಜ್ಜೀ, ಇದು ಪ್ಲಾಸ್ಟಿಕ್ ಅಲ್ಲ. ಇದೂ ಅಕ್ಕಿನೇ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಸತ್ವ, ವಿಟಮಿನ್ ಎಲ್ಲ ಕಲಸಿ, ಮತ್ತೆ ಕಾಳಿನ ಥರ ಒತ್ತಿ ಮಾಡಿರೋದು. ಮಕ್ಕಳಿಗೆ ರಕ್ತ ಆಗ್ಲಿ ಅಂತಾನೇ ಬೆರೆಸ್ತಾರೆ."

ಒಲೆಯ ಮೇಲೆ ಬೇಳೆ ಉಕ್ಕಿ ಸುರ್ರೆಂದಿತು. ಗುಡುಗಮ್ಮ ಅಲ್ಲಾಡಲಿಲ್ಲ.

"ಯಾರೂ ಹೇಳ್ಲಿಲ್ಲ ನಮಗೆ," ಎಂದಳು ಅಜ್ಜಿ.

"ಮೊದಲನೇ ಲೋಡ್ ಜೊತೆ ದೊಡ್ಡ ಕಾಗದ ಕಳಿಸಿದ್ರಲ್ಲ, ಚಿತ್ರ ಸಮೇತ?"

ಗುಡುಗಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಸಣ್ಣ ದನಿ ತೆಗೆದಳು. "ಅದು... ಡಬ್ಬದ ಕೆಳಗೆ ಹಾಸಿದೀವಿ. ದಪ್ಪ ಕಾಗದ, ಚೆನ್ನಾಗಿತ್ತು."

ಹದ್ದಜ್ಜಿ ಹತ್ತಿರದ ಡಬ್ಬದ ಮುಚ್ಚಳ ಕಿತ್ತು, ಎರಡೂ ಕೈ ತುಂಬ ಕಾಳು ಬಾಚಿಕೊಂಡು ಒಲೆಯ ಕಡೆ ನಡೆದಳು. ನೀರು ಕುದಿಯುತ್ತಿದ್ದ ಹಂಡೆಗೆ ಇನ್ನೇನು ಸುರಿಯಬೇಕು, ನರ್ಸಮ್ಮ ಓಡಿ ಬಂದು ಮಣಿಕಟ್ಟು ಹಿಡಿದಳು.

"ಬೇಡ ಅಜ್ಜೀ! ನೂರಕ್ಕೊಂದೇ ಅಳತೆ. ಹೀಗೆ ಹಿಡಿಗಟ್ಟಲೆ ಹಾಕಿದ್ರೆ ಮಕ್ಕಳಿಗೆ ತೊಂದರೆ. ಅದೂ ಅಲ್ಲದೆ ಇದಕ್ಕೆ ಹುಳ ಬಿದ್ದಿದೆ, ನೋಡಿ."

ಅಜ್ಜಿ ನೋಡಿದಳು. ಬೆರಳ ಸಂದಿಯಿಂದ ಒಂದು ಸಣ್ಣ ಕಪ್ಪು ಹುಳ ಇಳಿದು ಅಂಗೈ ದಾಟಿ, ಯಾವ ಹೆದರಿಕೆಯೂ ಇಲ್ಲದೆ, ಆಕೆಯ ಬಳೆಯ ಮೇಲೆ ಹತ್ತಿತು.

"ಹಾಗಾದ್ರೆ ಹೋದ ವರ್ಷದ್ದು?"

"ಹೋದದ್ದು ಹೋಯ್ತು. ಇವತ್ತಿಂದ ಆರಿಸ್ಬೇಡಿ, ಜಾಸ್ತಿ ತೊಳೀಬೇಡಿ, ಬಂದದ್ದನ್ನ ಹಾಗೇ ಬೇಯಿಸಿ. ನಿಧಾನಕ್ಕೆ ಏರುತ್ತೆ. ಐದಾರು ತಿಂಗಳು ಬೇಕು."

"ಇವಳಿಗೆ?"

ಹುಡುಗಿ ಜಗಲಿಯ ಕಂಬಕ್ಕೆ ಒರಗಿ, ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು.

"ಇವಳಿಗೆ ಅನ್ನ ಒಂದೇ ಸಾಕಾಗಲ್ಲ. ಸಿರಪ್ ಕೊಡ್ತೀನಿ, ದಿನಾ ತಪ್ಪಿಸ್ಬೇಡಿ. ಊಟಾನೂ ಬಿಡಿಸ್ಬೇಡಿ. ಮುಂದಿನ ತಿಂಗಳು ನೋಡೋಣ." ನರ್ಸಮ್ಮ ಏರುತ್ತೆ ಎಂದೂ ಹೇಳಲಿಲ್ಲ, ಇಳಿಯುತ್ತೆ ಎಂದೂ ಹೇಳಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟಳು.

ಮರುದಿನವೂ ಅಜ್ಜಿ ಆರಕ್ಕೇ ಬಂದಳು. ಅಭ್ಯಾಸ. ಬರೀ ಕಲ್ಲು ನೋಡಿ ಮುಗಿಸುವಷ್ಟರಲ್ಲಿ ಗಂಟೆ ಆರೂವರೆ. ಹಳದಿ ಕಾಳು ಕಂಡಲ್ಲೆಲ್ಲ ಬೆರಳು ತಾನಾಗಿ ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ಕೂರಬೇಕಾಯಿತು. ಇನ್ನೆರಡು ಗಂಟೆ ಏನು ಮಾಡುವುದೆಂದು ತಿಳಿಯದೆ ಅಡುಗೆಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಳು. ಆ ದಿನ ಅವಳಿಗಾದ ಸುಸ್ತು, ಅಷ್ಟೂ ವರ್ಷ ಬಗ್ಗಿ ಆರಿಸಿದ ಸುಸ್ತನ್ನೆಲ್ಲ ಗಂಟು ಕಟ್ಟಿ ತೂಗಿದರೂ ಸಮಕ್ಕೆ ಬಾರದು.

"ಮಲಗಬಾರ್ದಾ ಅಜ್ಜೀ ಒಂದು ಗಳಿಗೆ?" ಎಂದಳು ಗುಡುಗಮ್ಮ.

"ಮಲಗಿದ್ರೆ ಏಳಕ್ಕಾಗಲ್ಲ ಕಣೇ," ಎಂದಳು ಅಜ್ಜಿ.

ಮಧ್ಯಾಹ್ನ ಮಕ್ಕಳು ಸಾಲು ಹಿಡಿದು ಕೂತರು. ಅಜ್ಜಿ ಬಕೆಟ್ಟು ಹಿಡಿದು ಬಡಿಸುತ್ತಾ ಹೋದಳು. ಒಂದು ಸಾಲು ಮುಗಿಸಿ ತಿರುಗಿದರೆ ಮೊಮ್ಮಗಳು ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ತಟ್ಟೆಯ ಮೇಲೆ ಬಗ್ಗಿ, ಮೂಗು ಅನ್ನಕ್ಕೆ ತಾಗುವಷ್ಟು ಬಗ್ಗಿ, ಎರಡು ಬೆರಳಿನಲ್ಲಿ ಏನನ್ನೋ ಹೆಕ್ಕುತ್ತಿದ್ದಳು. ತಟ್ಟೆಯ ಅಂಚಿನಲ್ಲಿ ಅಗುಳುಗಳು ಒಂದರ ಪಕ್ಕ ಒಂದು ಕೂತಿದ್ದವು. ಬೆಂದ ಮೇಲೆ ಆ ಕಾಳಿಗೂ ಈ ಕಾಳಿಗೂ ಭೇದ ಹೇಳಲು ಮೂರು ಲೋಕದಲ್ಲಿ ಯಾರಿಗೂ ಆಗದು, ಹದ್ದಜ್ಜಿಗೇ ಆಗದು.

"ಅಜ್ಜಿ, ಇವತ್ತು ನಿಂಗೆ ಕಾಣ್ಲಿಲ್ವಾ?" ಎಂದಳು ಹುಡುಗಿ, ತಲೆಯೆತ್ತಿ, ಹೆಮ್ಮೆಯಿಂದ. "ನಂಗೆ ಹದಿನೇಳು ಸಿಕ್ತು."

ಅಜ್ಜಿ ಬಕೆಟ್ಟು ಕೆಳಗಿಟ್ಟಳು. ಸೊಂಟಕ್ಕೆ ಕೈ ಕೊಟ್ಟು ಮಕ್ಕಳ ಸಾಲಿನಲ್ಲೇ ನೆಲಕ್ಕೆ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಊಟದ ಹೊತ್ತಿಗೆ ಆಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಂಚಿನ ಅಗುಳುಗಳನ್ನು ಬೆರಳಿಂದ ಸವರಿ ಒಳಗೆ ತಳ್ಳಿ, ಬೇಳೆಯಲ್ಲಿ ಕಲಸಿ, ತುತ್ತು ಮಾಡಿದಳು.

"ಪ್ಲಾಸ್ಟಿಕ್ಕು ಅಜ್ಜಿ."

"ಅಲ್ಲ."

"ನೀನೇ ಹೇಳಿದ್ದು."

"ನಾನೇ ಹೇಳಿದ್ದು," ಎಂದಳು ಅಜ್ಜಿ. "ತಪ್ಪು ಹೇಳಿದ್ದೆ."

ಹುಡುಗಿ ತುತ್ತನ್ನು ನೋಡಿದಳು. ಅಜ್ಜಿಯ ಮುಖ ನೋಡಿದಳು. ಮೆಲ್ಲಗೆ ಬಾಯಿ ತೆರೆದಳು. ಒಂದೆರಡು ಸಲ ಅಗಿದು, ಕಣ್ಣು ಎಳೆದಂತಾಗಿ, ಅಜ್ಜಿಯ ತೋಳಿಗೆ ತಲೆ ಆನಿಸಿದಳು. ಬಕೆಟ್ಟಿನ ಅನ್ನ ಹಬೆಯಾಡುತ್ತಿತ್ತು. ಮುಂದಿನ ಸಾಲಿನವರು "ಅನ್ನ! ಅನ್ನ!" ಎಂದು ತಟ್ಟೆ ಬಡಿಯತೊಡಗಿದರು. ಅಜ್ಜಿ ಏಳಲಿಲ್ಲ. ಎರಡನೆಯ ತುತ್ತನ್ನು ಕೈಯಲ್ಲಿ ಹಿಡಿದು, ಆ ಪುಟ್ಟ ದವಡೆ ಆಡುವುದು ನಡುವೆ ಎಲ್ಲಿ ನಿಂತುಬಿಡುತ್ತದೋ ಎಂದು ನೋಡುತ್ತಾ ಕೂತಿದ್ದಳು.