ಶಾಕಿನೊಳಗಿನ ಗಾಳಿ

ನೂರ ಇಪ್ಪತ್ತೆಂಟು.

ವಸಿಷ್ಠ ಸೈಕಲ್ಲಿಗೆ ಹಚ್ಚಿದ ಗಾಳಿ ಪಂಪಿನ ಡಯಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ಇನ್ನೊಮ್ಮೆ ನೋಡಿದ. ಮುಳ್ಳು ಕದಲಲಿಲ್ಲ. ನಿನ್ನೆ ಸಂಜೆ ಇದೇ ಹೊತ್ತಿಗೆ ನೂರ ಮೂವತ್ತೈದು ಇತ್ತು, ಮೊನ್ನೆ ನೂರ ನಲವತ್ತೆರಡು. ಪೈಪನ್ನು ತಿರುಗಿಸಿ ಬಿಚ್ಚಿದ. ಟುಸ್ ಎಂದಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸೈಕಲ್ಲಿನ ಹಿಂದಿನ ಚಕ್ರಕ್ಕೂ ಪ್ಯಾಸೇಜಿನ ಕಿಟಕಿಯ ಸರಳಿಗೂ ಸೇರಿಸಿ ಒಂದು ಕಪ್ಪು ಹೊಲಿಗೆ ದಾರ ಕಟ್ಟಿ ಹೋಗಿದ್ದ. ಮಂಡಿಯೂರಿ ಅದನ್ನು ಪರೀಕ್ಷಿಸಿದ. ದಾರ ಹರಿದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನಪಟ್ಟುಕೊಂಡು ಕಾಫಿ ಕುಡಿಯಲು ಒಳಗೆ ಹೋಗುತ್ತಿದ್ದರು. ವಸಿಷ್ಠನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ದಾರ ಬಿಚ್ಚಿ, ಸೈಕಲ್ ಓಡಿಸಿ, ತಂದು ಮತ್ತೆ ಮೊದಲಿನ ಹಾಗೇ ಕಟ್ಟಿದ್ದಾನೆ! ಎಂಥಾ ಖದೀಮ!

ಖದೀಮ ಎಂದರೆ ಚನ್ನವೀರ. ಪದ್ಮನಾಭನಗರದ ಈ ಮನೆಯ ತಾರಸಿ ರೂಮಿಗೆ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಗಜೇಂದ್ರಗಡದ ಕಡೆಯವನು, ಇಪ್ಪತ್ತಾರರ ಪ್ರಾಯ, ಜೆ.ಪಿ. ನಗರದ ಬೈರಣ್ಣನ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ಕು. ಮೇಲಕ್ಕೆ ಹೋಗುವ ಮೆಟ್ಟಿಲು ಪ್ಯಾಸೇಜಿನ ಒಳಗಿನಿಂದಲೇ ಇದ್ದದ್ದರಿಂದ ಗ್ರಿಲ್ಲಿನ ಒಂದು ಬೀಗದ ಕೈ ಅವನ ಹತ್ತಿರವೂ ಇತ್ತು. ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಆಗ ವಸಿಷ್ಠ ಕೆಲಸದ ಮೇಲೆ, ಹೆಂಡತಿ ಶುಭಾ ಶಾಲೆಯಲ್ಲಿ. ಇಡೀ ಮನೆಯಲ್ಲಿ ಸೈಕಲ್ಲು ಮತ್ತು ಚನ್ನವೀರ ಇಬ್ಬರೇ. ಸೈಕಲ್ಲಿಗೊಂದು ಬೀಗ ಜಡಿಯಬಹುದಿತ್ತು. ಜಡಿದರೆ ಕಳ್ಳ ಸಿಕ್ಕಿಬೀಳುವುದಿಲ್ಲವಲ್ಲ!

ಎರಡು ವರ್ಷದ ಹಿಂದೆ ವಸಿಷ್ಠನಿಗೆ ಶುಗರ್ ಬಂದಾಗ, "ಸೈಕಲ್ ಹೊಡೀರಿ ಸರ, ಗುಳಿಗಿ ತಾನ ಕಮ್ಮಿ ಆಗ್ತಾವು," ಎಂದು ಅವನನ್ನು ತುರಹಳ್ಳಿ ಕಾಡಿಗೆ ಎಬ್ಬಿಸಿಕೊಂಡು ಹೋದವನು ಇದೇ ಚನ್ನವೀರ. ಮೊದಲ ಸಲ ಅಲ್ಲಿನ ಬಂಡೆಯಿಂದ ಸೈಕಲ್ ಮೇಲೆ ಕೂತೇ ಕೆಳಗಿಳಿದ ದಿನ ವಸಿಷ್ಠ ಮಗುವಿನ ಹಾಗೆ ಕೇಕೆ ಹಾಕಿದ್ದ. ನಲವತ್ತೊಂದು ವರ್ಷದಲ್ಲಿ ಸ್ನೇಹಿತ ಅಂತ ಅವನಿಗೆ ದಕ್ಕಿದ್ದು ಈ ಒಬ್ಬನೇ. ಅದು ಅವನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಆಮೇಲೆ ಈ ಹೊಸ ಸೈಕಲ್ಲು ಬಂತು, ಹತ್ತುವುದಕ್ಕೂ ಇಳಿಯುವುದಕ್ಕೂ ಒದಗುವ ಆಲ್ ಮೌಂಟೆನ್ ಗಾಡಿ. ಬರುವ ಭಾನುವಾರ ಕನಕಪುರದ ಆಚೆಯ ಗುಡ್ಡವೊಂದರಲ್ಲಿ ರೇಸ್ ಇತ್ತು. ಅರ್ಧ ಕಾಡುದಾರಿ, ಅರ್ಧ ಕಡಿದಾದ ಇಳಿಜಾರು. ಅದಕ್ಕಾಗಿ ಚನ್ನವೀರ ಮೂರು ಸಂಜೆ ಕೂತು ಗಾಡಿಯನ್ನು ಹದ ಮಾಡಿದ್ದ. ಇಳಿಯುವಾಗ ಸೀಟು ಎಷ್ಟು ತಗ್ಗಬೇಕೋ ಅಲ್ಲಿಗೊಂದು ಟೇಪು ಸುತ್ತಿದ. ಹೊರದೇಶದ ಗಾಡಿಯಾದ್ದರಿಂದ ಮುಂದಿನ ಬ್ರೇಕು ಎಡಗೈಗೆ ಬಂದಿತ್ತು; ಸ್ಕೂಟರ್ ಓಡಿಸಿದ ಕೈ ಅವಸರದಲ್ಲಿ ತಪ್ಪು ಹಿಡಿದೀತೆಂದು ಎರಡನ್ನೂ ಅದಲುಬದಲು ಮಾಡಿದ. ಟಯರಿನ ಗಾಳಿ ಇಳಿಸಿದ. ಕೊನೆಗೆ ಸೀಟಿನ ಕೆಳಗೆ ಕುಲುಕು ತಡೆಯುವ ಗಾಳಿ ಕೊಳವೆಗೆ, ಅಂದರೆ ಶಾಕಿಗೆ, ಗಾಳಿ ತುಂಬಿ, "ನಿಮ್ಮ ತೂಕಕ್ಕ ಬರೋಬ್ಬರಿ ನೂರೈವತ್ತು ಪೌಂಡ್ ಹಾಕೀನ್ರಿ," ಎಂದ.

ಅದು ಕಳೆದ ಭಾನುವಾರದ ಮಾತು. ಸೋಮವಾರವೇ ವಸಿಷ್ಠ ಯಾರಿಗೂ ಹೇಳದೆ ಚಿಕ್ಕಪೇಟೆಗೆ ಹೋಗಿ, ಡಯಲ್ ಇರುವ ಪುಟ್ಟ ಶಾಕ್ ಪಂಪೊಂದನ್ನು ಕೊಂಡು ತಂದ. ಚನ್ನವೀರನ ಮೇಲೆ ಆಗಿನ್ನೂ ಅನುಮಾನವೇನಿರಲಿಲ್ಲ. ಆದರೆ ಹದಿನೈದು ವರ್ಷದಿಂದ ಅವನು ಇನ್ಶೂರೆನ್ಸ್ ಸರ್ವೇಯರು. ಗುದ್ದಿಸಿಕೊಂಡ ಕಾರು, ಸುಟ್ಟ ಗೋಡೌನು, ನೀರು ನುಗ್ಗಿದ ಅಂಗಡಿ ನೋಡಿ ನೋಡಿ, ಯಾರೇ ಒಂದು ಅಂಕಿ ಹೇಳಿದರೂ ತಾನೊಮ್ಮೆ ಅಳೆಯದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಅಳೆದ. ನೂರ ನಲವತ್ತೆರಡು. ಯಾರೂ ಓಡಿಸದೆ ಗಾಳಿ ತಾನಾಗಿ ಇಳಿಯುವುದುಂಟೇ? ಅಲ್ಲಿಂದ ಶುರುವಾಯಿತು.

"ನೇರವಾಗಿ ಕೇಳಿಬಿಡಿ," ಎಂದಳು ಶುಭಾ, ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ. "ಗಾಳಿ ಯಾಕಪ್ಪಾ ಇಳೀತಿದೆ ಅಂತ. ಅವನು ಮೆಕ್ಯಾನಿಕ್ಕಲ್ವಾ?"

"ನಾನು ನೋಟ್ ಮಾಡ್ಕೊಂಡಿದ್ದನ್ನ ಕ್ಲೇಮ್ ಹಾಕಿರೋ ಪಾರ್ಟಿಗೇ ಹೇಳ್ಲಾ? ಹೇಳಿದ್ರೆ ಅದಕ್ಕೊಂದು ಕಥೆ ಕಟ್ಕೊಂಡು ಬರ್ತಾನೆ. ಎಷ್ಟು ಜನಾನ್ನ ನೋಡಿದೀನಿ ನಾನು!"

"ಅವನು ಪಾರ್ಟಿ ಅಲ್ಲ ರೀ, ಚನ್ನವೀರ."

ವಸಿಷ್ಠ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಬುಧವಾರ ರಾತ್ರಿ ಚನ್ನವೀರ ಎಂಟು ಗಂಟೆಗೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು. "ಸರ, ಮೊಣಕಾಲಿಗೆ ಕಟ್ಟೂ ಪ್ಯಾಡ್ ತಂದೀನ್ರಿ. ನಮ್ಮ ದೋಸ್ತಂದು. ಒಮ್ಮೆ ಕಟ್ಟಿ ನೋಡ್ರಿ, ಬಿಗಿ ಆಗ್ತಾವೇನು."

"ಮಧ್ಯಾಹ್ನ ಏನು ಮಾಡ್ತಿದ್ದೆ?"

"ಊಟಕ್ಕ ಬಂದಿದ್ನಲ್ರಿ. ದಿನಾ ಬರ್ತೀನಲ್ಲ."

"ಬರೀ ಊಟಕ್ಕಾ?"

ಚನ್ನವೀರನ ಮುಖದಲ್ಲಿ ನಗು ಇನ್ನೂ ಇತ್ತು. ಸರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ, ಪಾಪ.

"ಸೋಮವಾರದಿಂದ ದಿನಾ ನನ್ನ ಸೈಕಲ್ ತಗೊಂಡು ಹೋಗ್ತಿದೀಯ. ನಂಗೊತ್ತು. ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನೋ? ಕದ್ದು ಯಾಕೆ ಓಡಿಸ್ಬೇಕು?"

ನಗು ನಿಧಾನವಾಗಿ ಹೋಯಿತು. "ಯಾರ ಹೇಳ್ಯಾರ್ರಿ ನಿಮಗ?"

"ಯಾರೂ ಹೇಳ್ಬೇಕಾಗಿಲ್ಲ."

"ಮತ್ತ ಹೆಂಗ ಗೊತ್ತಾತ್ರಿ? ಮಣ್ಣು ಹತ್ತೇತೇನು? ಗೀರು ಬಿದ್ದೈತೇನು? ಏನ್ ಕಂಡ್ರಿ, ಅದನ್ನರ ಹೇಳ್ರಿ ಸರ."

ನೂರ ಇಪ್ಪತ್ತೆಂಟು ಎಂಬುದು ವಸಿಷ್ಠನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಅದೆಲ್ಲ ನಿಂಗ್ಯಾಕೆ? ಮಾಡಿದೀಯೋ ಇಲ್ವೋ, ಅಷ್ಟು ಹೇಳು."

"ಇಲ್ರಿ."

"ಸುಳ್ಳು."

ಚನ್ನವೀರ ಪ್ಯಾಡಿನ ಚೀಲವನ್ನು ಮೆಟ್ಟಿಲ ಮೇಲಿಟ್ಟ. ಆಮೇಲೆ ಜೇಬಿನಿಂದ ಗ್ರಿಲ್ಲಿನ ಬೀಗದ ಕೈ ತೆಗೆದು ಸೈಕಲ್ಲಿನ ಸೀಟಿನ ಮೇಲಿಟ್ಟ. "ಒಡಹುಟ್ಟಿದ ಅಣ್ಣ ಇದ್ದಂಗ ಅಂತ ತಿಳಕೊಂಡಿದ್ದೆ ನಿಮ್ಮನ್ನ," ಎಂದ. "ಮುಂಜಾನೆ ಹೊಂಟಬಿಡ್ತೀನ್ರಿ. ಬಿಟಿಎಂನಾಗ ನಮ್ಮ ಊರಿನ ಹುಡುಗೂರ ರೂಮ್ ಐತಿ."

ತಪ್ಪಿಲ್ಲದವನು ಜಗಳವಾಡುತ್ತಾನೆ, ಹೀಗೆ ತಣ್ಣಗೆ ಜಾಗ ಖಾಲಿ ಮಾಡುವುದಿಲ್ಲ ಎಂದು ವಸಿಷ್ಠ ಲೆಕ್ಕ ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೂ ಚೆನ್ನಾಗಿತ್ತು. ಒಳಗೆ ಹೋಗಿ ಬೈರಣ್ಣನಿಗೆ ಫೋನು ಹಚ್ಚಿದ. "ಹುಡುಗ ಕೆಲಸಗಾರನೇ. ಆದ್ರೂ ನಿಮ್ಮಲ್ಲಿಗೆ ಲಕ್ಷಗಟ್ಟಲೆ ಬೆಲೆಯ ಗಾಡಿಗಳು ಬರ್ತವೆ ನೋಡಿ, ಒಂದು ಕಣ್ಣಿಟ್ಟಿರಿ," ಎಂದ. ಶುಭಾ ಅವನಿಗೆ ಊಟ ಬಡಿಸಿಟ್ಟು ಎದ್ದು ಹೋದಳು.

ಶನಿವಾರ ಮಧ್ಯಾಹ್ನ ವಸಿಷ್ಠ ಮರುದಿನದ ರೇಸಿಗೆ ಸೈಕಲ್ ಅಣಿ ಮಾಡಲು ಪ್ಯಾಸೇಜಿಗೆ ಬಂದ. ಮೇಲಿನ ರೂಮು ಖಾಲಿಯಾಗಿ ಎರಡು ದಿನವಾಗಿತ್ತು. ಪಂಪು ಹಚ್ಚಿ ಡಯಲ್ ನೋಡಿದರೆ ನೂರ ಇಪ್ಪತ್ತೊಂದು. ಅವನಿಗೆ ಸಿಟ್ಟಿನ ಜೊತೆಗೆ ಒಂದು ಥರದ ಖುಷಿಯೂ ಆಯಿತು. ಪೈಪು ಬಿಚ್ಚಿ ಕೂಗಿದ, "ಶುಭಾ! ಬಾ ಇಲ್ಲಿ! ಗಂಟುಮೂಟೆ ಕಟ್ಟೋ ಬೆಳಿಗ್ಗೆನೂ ಒಂದು ಸುತ್ತು ಹೊಡ್ಕೊಂಡೇ ಹೋಗಿದಾನೆ ನಿನ್ನ ಚನ್ನವೀರ. ನೂರ ಇಪ್ಪತ್ತೊಂದಿದೆ, ನೀನೇ ನೋಡು."

ಶುಭಾ ಕೈ ಒರೆಸಿಕೊಳ್ಳುತ್ತ ಬಂದಳು. ವಸಿಷ್ಠ ಪೈಪನ್ನು ಮತ್ತೆ ತಿರುಗಿಸಿ ಹಾಕಿದ. ಅವಳು ಬಗ್ಗಿ ನೋಡಿದಳು.

"ನೂರ ಹದಿನಾಲ್ಕು ಇದೆಯಲ್ರೀ."

"ನೂರ ಇಪ್ಪತ್ತೊಂದು. ಸರಿಯಾಗಿ ನೋಡು."

"ಕನ್ನಡಕ ಹಾಕ್ಕೊಂಡೇ ಇದೀನಿ. ನೂರ ಹದಿನಾಲ್ಕು."

ವಸಿಷ್ಠ ನೋಡಿದ. ಪೈಪು ಬಿಚ್ಚಿದ. ಟುಸ್. ಮತ್ತೆ ಹಾಕಿದ. ನೂರ ಎಂಟು.

"ಈಗ ತಾನೆ ನೂರ ಇಪ್ಪತ್ತೊಂದಿತ್ತು," ಎಂದ.

ಶುಭಾ ಖಾಲಿ ಪ್ಯಾಸೇಜನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಅಷ್ಟರಲ್ಲಿ ಯಾರು ಓಡಿಸ್ಕೊಂಡು ಬಂದ್ರು?"

ಜೆ.ಪಿ. ನಗರಕ್ಕೆ ಅವನು ಅದೇ ಸೈಕಲ್ಲಿನಲ್ಲಿ ಹೋದ. ರಸ್ತೆಯ ಒಂದೊಂದು ಉಬ್ಬಿಗೂ ಹಿಂಭಾಗ ಕುಸಿದು ಕುಸಿದು ಏಳುತ್ತಿತ್ತು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡ. ಮೊದಲು ಬೈರಣ್ಣನಿಗೆ ಹೇಳಬೇಕು, ಆಮೇಲೆ ಚನ್ನವೀರನ ಕೈ ಹಿಡಿದು ಕೇಳಿಕೊಳ್ಳಬೇಕು, ಇವತ್ತೇ ರೂಮಿಗೆ ಕರೆತರಬೇಕು.

ಬೈರಣ್ಣ ಗಲ್ಲಾದ ಹಿಂದೆ ಕೂತಿದ್ದ. ವಸಿಷ್ಠ ಹೇಳಿದ್ದನ್ನೆಲ್ಲ ಕೇಳಿ, "ಹೌದಾ ಸಾರ್? ಬಿಡಿ ಬಿಡಿ, ಆಗುತ್ತೆ," ಎಂದ. ಆಮೇಲೆ ದನಿ ತಗ್ಗಿಸಿದ. "ಆದ್ರೂ ನೀವಂದಿದ್ದು ಒಳ್ಳೇದೇ ಆಯ್ತು. ಹುಷಾರಾಗಿರೋದ್ರಲ್ಲಿ ತಪ್ಪೇನಿದೆ, ಅಲ್ವಾ?"

"ಅವನು ತಪ್ಪೇ ಮಾಡಿಲ್ಲ ಬೈರಣ್ಣ. ನಂದೇ ತಪ್ಪು."

"ಸರಿ ಸಾರ್, ಸರಿ," ಎಂದು ಬೈರಣ್ಣ ನಕ್ಕು, ಬಂದ ಗಿರಾಕಿಯ ಕಡೆ ತಿರುಗಿದ.

ಚನ್ನವೀರ ಹಿಂಭಾಗದಲ್ಲಿ ಒಂದು ಚೈನು ತೊಳೆಯುತ್ತಿದ್ದ. ವಸಿಷ್ಠ ಅಲ್ಲಿ ನಿಂತು, ಪಂಪು ತಂದದ್ದು, ದಾರ ಕಟ್ಟಿದ್ದು, ನೂರ ನಲವತ್ತೆರಡು, ನೂರ ಮೂವತ್ತೈದು ಎಲ್ಲವನ್ನೂ ಹೇಳಿದ. ಚನ್ನವೀರ ತಲೆ ಎತ್ತದೆ ಕೇಳಿದ.

"ಪೈಪು ಖಾಲಿ ಇರ್ತೈತ್ರಿ. ಹಚ್ಚಿದ ಕೂಡ್ಲೇ ಶಾಕಿನ ಗಾಳಿ ಅದರಾಗ ತುಂಬಕೊಂತೈತಿ, ಬಿಚ್ಚಿದಾಗ ಹೋಗಿಬಿಡ್ತೈತಿ. ಅದಕ್ಕ ನೋಡಿದ ಮ್ಯಾಲ ಮತ್ತ ತುಂಬಬೇಕ್ರಿ," ಎಂದ. "ಅವತ್ತ ಕೇಳಿದ್ರ ಅವತ್ತ ಹೇಳ್ತಿದ್ದೆ."

"ತಪ್ಪಾಯ್ತು ಚನ್ನವೀರ. ರೂಮಿಗೆ ವಾಪಸ್ ಬಾ. ನಾಳೆ ರೇಸಿಗೂ ಬಾ, ನೀನಿಲ್ದೆ ನಾನು ಆ ಗುಡ್ಡ ಇಳಿಯೋಲ್ಲ."

"ನಾಳೆ ಅಂಗಡಿ ಐತ್ರಿ," ಎಂದ ಚನ್ನವೀರ. ರೂಮಿನ ಮಾತು ಎತ್ತಲಿಲ್ಲ. ಕೈ ಒರೆಸಿಕೊಂಡು ಸೈಕಲ್ ಎಳೆದುಕೊಂಡ. ಪಂಪು ಹಚ್ಚಿ, ನೂರೈವತ್ತು ಬರುವವರೆಗೆ ಹೊಡೆದು, ಡಯಲ್ಲನ್ನು ವಸಿಷ್ಠನ ಕಡೆ ತಿರುಗಿಸಿದ. "ನೋಡ್ರಿ. ಎಷ್ಟೈತಿ?"

"ನಂಗೆ ತೋರಿಸೋದು ಬೇಡಪ್ಪಾ."

"ನೋಡಬೇಕ್ರಿ. ಎಷ್ಟೈತಿ?"

"ನೂರೈವತ್ತು."

ಚನ್ನವೀರ ಕಪಾಟಿನ ಮೇಲಿಂದ ಒಂದು ಹೊಸ ನೋಟ್‌ಬುಕ್ ಇಳಿಸಿ ವಸಿಷ್ಠನ ಮುಂದೆ ಹಿಡಿದ. ಗೆರೆ ಎಳೆದು ಭಾಗ ಮಾಡಿದ್ದರು. ಗಾಡಿ, ಕೆಲಸ, ಗಿರಾಕಿ ನೋಡಿ ಒಪ್ಪಿದ ಸಹಿ. "ಇಲ್ಲೊಂದು ಸೈನ್ ಹಾಕ್ರಿ ಸರ. ಬೈರಣ್ಣಾರು ಮಾಡ್ಯಾರ್ರಿ, ಗುರುವಾರದಿಂದ."

"ಎಲ್ರಿಗೂನಾ?"

"ಇಲ್ರಿ. ನಾ ಮುಟ್ಟಿದ ಗಾಡಿಗಷ್ಟ."

ಪುಟದಲ್ಲಿ ಆಗಲೇ ಹನ್ನೊಂದು ಸಹಿಗಳಿದ್ದವು, ಎಲ್ಲ ಬೇರೆ ಬೇರೆ ಕೈಯವು. ಚನ್ನವೀರ ಪೆನ್ನಿನ ಮುಚ್ಚಳ ತೆಗೆದು ಚಾಚಿದ. ಹನ್ನೆರಡನೆಯ ಸಾಲಿನಲ್ಲಿ ವಸಿಷ್ಠ ಸಹಿ ಹಾಕಿದ. ಚನ್ನವೀರ ಪೆನ್ನನ್ನು ವಾಪಸು ಇಸಿದುಕೊಂಡು, ಮುಚ್ಚಳ ಹಾಕಿ, ಮುಂದಿನ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ.