ಗ್ಲ್ಯಾಡಿಸ್ ಬಾಯಿ ಚೆಂಡಿನ ಯಂತ್ರ ಆರಿಸಿದ್ದು

ದೇವದಾಸರನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿದ ಮರುದಿನದಿಂದ ಗ್ಲ್ಯಾಡಿಸ್ ಬಾಯಿಯ ಜೊತೆ ಟೆನಿಸ್ ಆಡಲು ಮಣಿಪಾಲದಲ್ಲಿ ಯಾರಿಗೂ ಪುರುಸೊತ್ತು ಇಲ್ಲದಂತಾಯಿತು.

ದೇವದಾಸರು ಬ್ಯಾಂಕಿನ ಅಧಿಕಾರಿ. ಗುಡ್ಡದ ಮೇಲಿನ ಸಣ್ಣ ಕ್ಲಬ್ಬೊಂದಕ್ಕೆ ಕಾರ್ಯದರ್ಶಿ, ಅಂದಿನವರೆಗೆ ಅಲ್ಲಿಯ ಅತ್ಯುತ್ತಮ ಆಟಗಾರ ಕೂಡ. ಕ್ಲಬ್ಬೆಂದರೆ ಸೆಗಣಿ ಸಾರಿಸಿದ ಒಂದು ಕೋರ್ಟು, ಹೆಂಚಿನ ಮಾಡಿನ ಒಂದು ಕೋಣೆ, ಕೆಲವು ಬೆತ್ತದ ಕುರ್ಚಿಗಳು, ಅಷ್ಟೆ. ಗ್ಲ್ಯಾಡಿಸ್ ಬಹಳ ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದು, ೧೯೮೩ರಲ್ಲಿ ಊರಿಗೆ ಮರಳಿ, ಶಂಕರಪುರದಲ್ಲಿ ಅಣ್ಣ ಜೋಕಿಮನ ಮನೆಯಲ್ಲಿ ಇದ್ದವಳು. ಮದುವೆಯಾಗಿರಲಿಲ್ಲ, ಆಗಲಿಲ್ಲವೆಂಬ ಬೇಸರವೂ ಇರಲಿಲ್ಲ. ಟೆನಿಸ್ ಕಲಿತದ್ದು ಆಸ್ಪತ್ರೆಯ ಸಿಬ್ಬಂದಿಯ ಕೋರ್ಟಿನಲ್ಲಿ, ಈಜಿಪ್ಟಿನ ಒಬ್ಬಳು ದಪ್ಪ ಮೇಟ್ರನ್ ಕೈಯಲ್ಲಿ. ಆ ಮೇಟ್ರನ್ ತಾನು ಓಡುತ್ತಿರಲಿಲ್ಲ, ಎದುರಿನವರನ್ನು ಓಡಿಸುತ್ತಿದ್ದಳು. ಗ್ಲ್ಯಾಡಿಸ್ ಕಲಿತದ್ದೂ ಅದನ್ನೇ.

ಹಾಗಾಗಿ ಆ ಸಂಜೆ ದೇವದಾಸರು ಬಹಳ ಓಡಿದರು. ಮರುದಿನ ಅವರಿಗೆ ಬೆನ್ನುನೋವು. ಅದರ ಮರುದಿನ ಕ್ಲಬ್ಬಿನ ಇನ್ನಿಬ್ಬರಿಗೆ ಬೆನ್ನುನೋವು. ವಾರ ಕಳೆಯುವುದರೊಳಗೆ ಕ್ಲಬ್ಬಿಗೆ ಕ್ಲಬ್ಬೇ ಬೆನ್ನು ಹಿಡಿದುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿತು.

"ಅಂಟುರೋಗ ಇರಬೇಕು," ಎಂದು ಗ್ಲ್ಯಾಡಿಸ್ ಮನೆಯಲ್ಲಿ ಹೇಳಿದಳು. "ನಾನು ಇಷ್ಟು ವರ್ಷ ನರ್ಸ್ ಆಗಿದ್ದೆ, ಇಂಥದ್ದು ನೋಡಿಲ್ಲ."

"ಒಮ್ಮೆ ಸೋತುಬಿಡು. ಎಲ್ಲರಿಗೂ ಗುಣವಾಗ್ತದೆ," ಎಂದ ಜೋಕಿಮ್.

ಸೋಲುವುದಕ್ಕೆ ಗ್ಲ್ಯಾಡಿಸ್ ಒಪ್ಪಲಿಲ್ಲ. ಕೆಲವು ದಿನ ಕ್ಲಬ್ಬಿನ ಕೋಣೆಯ ಗೋಡೆಗೆ ಚೆಂಡು ಹೊಡೆದಳು. ಸುಣ್ಣ ಉದುರುತ್ತದೆ ಎಂದು ಕಾರ್ಯದರ್ಶಿಯವರ ಆಕ್ಷೇಪಣೆ ಬಂತು. ಆಗ ಅವಳಿಗೆ ಕುವೈತಿನ ದೊಡ್ಡ ಕ್ಲಬ್ಬಿನಲ್ಲಿ ನೋಡಿದ್ದ ಯಂತ್ರ ನೆನಪಾಯಿತು. ಚೆಂಡು ತುಂಬಿಸಿ ಗುಂಡಿ ಒತ್ತಿದರೆ ಒಂದೊಂದಾಗಿ ಎಸೆಯುತ್ತದೆ. ಎದುರು ಒಬ್ಬರೇ ನಿಂತು ಆಡಬಹುದು. ಅಂಥದ್ದೊಂದು ತರುತ್ತೇನೆ ಎಂದು ಅವಳು ಕ್ಲಬ್ಬಿನಲ್ಲೇ ಎಲ್ಲರ ಮುಂದೆ ಹೇಳಿದಳು.

ದೇವದಾಸರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. "ಯಂತ್ರವೋ? ಹಾಗಾದರೆ ಕ್ಲಬ್ಬಿನ ಪರವಾಗಿ ನಾನು ನೋಡಿ ಒಪ್ಪಿಗೆ ಕೊಡಬೇಕಾಗ್ತದೆ. ಕೋರ್ಟಿಗೆ ಹಾನಿ ಆಗಬಾರದಲ್ವಾ?"

"ಖಂಡಿತ ಬನ್ನಿ. ಬೆನ್ನು ಒಪ್ಪಿದರೆ," ಎಂದಳು ಗ್ಲ್ಯಾಡಿಸ್.

ಇಂಥ ಯಂತ್ರ ಇಡೀ ಜಿಲ್ಲೆಯಲ್ಲಿ ಇರಲಾರದೆಂದು ಅವಳು ತಿಳಿದಿದ್ದಳು. ಆದರೆ ಸುದ್ದಿ ಹರಡಿದ ಮೇಲೆ ಒಂದಲ್ಲ, ಎರಡು ಹೊರಬಿದ್ದವು. ಒಂದು ಕಾಪುವಿನಲ್ಲಿ, ಇನ್ನೊಂದು ಕಾರ್ಕಳದಲ್ಲಿ.

ಕಾಪುವಿನದ್ದು ಮೌರಿಸ್ ಎಂಬವರ ಮನೆಯಲ್ಲಿತ್ತು. ಅವರು ಬಹ್ರೈನಿನಿಂದ ಬರುವಾಗ, ಮಕ್ಕಳು ದೊಡ್ಡ ಆಟಗಾರರಾಗಲಿ ಎಂದು ತಂದದ್ದು. ಮಕ್ಕಳಿಗೆ ಕ್ರಿಕೆಟ್ಟೇ ಬೇಕಾಗಿತ್ತು. ಗ್ಲ್ಯಾಡಿಸ್, ಜೋಕಿಮ್ ಮತ್ತು ದೇವದಾಸರು ಅಂಬಾಸಿಡರ್ ಕಾರಿನಲ್ಲಿ ಹೋದರು. ಕಾರು ಜೋಕಿಮನದ್ದು, ಓಡಿಸಿದ್ದು ಗ್ಲ್ಯಾಡಿಸ್. ತಲುಪುವಾಗ ದೀಪ ಹಚ್ಚುವ ಹೊತ್ತು. ಮಂಚದ ಕೆಳಗಿನಿಂದ ಯಂತ್ರವನ್ನು ಎಳೆದು ಅಂಗಳಕ್ಕೆ ತರಲು ಮೂವರು ಗಂಡಸರೂ ಕೈ ಹಾಕಬೇಕಾಯಿತು. ಸಮುದ್ರದ ಗಾಳಿಗೆ ಅದರ ಕಾಲುಗಳು ತುಕ್ಕು ಹಿಡಿದಿದ್ದವು.

"ವಿದೇಶದ ಮಾಲು," ಎಂದು ಮೌರಿಸ್ ಉದ್ದದ ವಯರು ಎಳೆದು ಪ್ಲಗ್ಗಿಗೆ ಹಾಕಿದರು. "ಚೆಂಡು ಗುಂಡಿನ ಹಾಗೆ ಬರ್ತದೆ. ಸ್ವಲ್ಪ ದೂರ ನಿಲ್ಲಿ."

ಗ್ಲ್ಯಾಡಿಸ್ ದೂರ ಹೋಗಿ ರ್ಯಾಕೆಟ್ ಹಿಡಿದು ಬಗ್ಗಿ ನಿಂತಳು. ಊರೆಲ್ಲ ದೀಪ ಹಚ್ಚಿದ್ದರಿಂದ ವೋಲ್ಟೇಜು ನೆಲ ಹಿಡಿದಿತ್ತು. ಜಗಲಿಯ ಬಲ್ಬು ಕೆಂಡದಷ್ಟು ಉರಿಯುತ್ತಿತ್ತು. ಯಂತ್ರ ನರಳಿತು, ಬಹಳ ಹೊತ್ತು ಯೋಚಿಸಿತು. ಆಮೇಲೆ ಒಂದು ಚೆಂಡು ಅದರ ಬಾಯಿಯಿಂದ ಜಾರಿ ಕಾಲ ಬುಡದಲ್ಲೇ ಬಿತ್ತು. ಇನ್ನೊಂದು ಬಿತ್ತು. ಗೂಡಿಗೆ ಹೊರಟಿದ್ದ ಕೋಳಿಗಳು ನಿಂತು ನೋಡಿದವು.

"ಮೊಟ್ಟೆ ಇಡ್ತಾ ಉಂಟು ಮಾರಾಯ್ತಿ," ಎಂದ ಜೋಕಿಮ್. "ಕಾವಿಗೆ ಕೂತ್ಕೊಳ್ಳುವ ಮೊದಲು ಹೋಗುವ."

"ಬೆಳಿಗ್ಗೆ ಬಂದರೆ ಗುಂಡು ಬರ್ತದೆ," ಎಂದು ಮೌರಿಸ್ ಗೇಟಿನವರೆಗೂ ಹೇಳುತ್ತ ಬಂದರು.

ಕಾರ್ಕಳದ ಯಂತ್ರಕ್ಕೆ ಕರೆಂಟಿನ ಹಂಗೇ ಇರಲಿಲ್ಲ. ಅದನ್ನು ತಯಾರಿಸಿದವನು ಮುದ್ದಣ್ಣ. ಪೇಟೆಯ ಹೊರಗೆ ಅವನದ್ದು ಪಂಪುಸೆಟ್ಟು ರಿಪೇರಿಯ ವರ್ಕ್‌ಶಾಪು. ಗ್ಲ್ಯಾಡಿಸ್ ಬಾಯಿಗೆ ಚೆಂಡು ಎಸೆಯುವ ಯಂತ್ರ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, ಹಳೆಯ ಸ್ಕೂಟರಿನ ಎರಡು ಚಕ್ರಗಳನ್ನು ಎದುರುಬದುರು ಇಟ್ಟು, ಅವನ್ನು ತಿರುಗಿಸಲು ಪಂಪುಸೆಟ್ಟಿನ ಎಂಜಿನು ಜೋಡಿಸಿ, ನಡುವೆ ಚೆಂಡು ಬೀಳಲು ಒಂದು ಪೈಪು ಕೂರಿಸಿದ್ದ. ಇಡೀ ಯಂತ್ರವನ್ನು ಎತ್ತಿನ ಗಾಡಿಯ ಅಚ್ಚಿನ ಮೇಲೆ ನಿಲ್ಲಿಸಿದ್ದರಿಂದ ಅದು ಎಲ್ಲಿಗೂ ಒಯ್ಯಬಹುದಾದ ಯಂತ್ರವೆಂದು ಅವನ ವಾದ.

"ನಿಲ್ಲಿ ಬಾಯಮ್ಮ, ಈಗ ನೋಡಿ," ಎಂದು ಮುದ್ದಣ್ಣ ಹಗ್ಗ ಎಳೆದು ಎಂಜಿನು ಶುರು ಮಾಡಿದ. ಹೊಗೆ ಎದ್ದಿತು. ಕೊಟ್ಟಿಗೆಯಲ್ಲಿದ್ದ ದನ ಹಗ್ಗ ಜಗ್ಗಿತು. ಅವನು ಪೈಪಿಗೆ ಚೆಂಡು ಹಾಕಿದ.

ಚೆಂಡು ಯಾರಿಗೂ ಕಾಣಲಿಲ್ಲ. ರಸ್ತೆಯ ಆಚೆಯ ಗೂಡಂಗಡಿಯಲ್ಲಿ ನೇತು ಹಾಕಿದ್ದ ಬಾಳೆಗೊನೆ ಒಮ್ಮೆ ಗಿರ್ರನೆ ತಿರುಗಿ ಎರಡು ಚಿಪ್ಪು ಉದುರಿಸಿತು. ಆಗ ಎಲ್ಲರಿಗೂ ಚೆಂಡು ಹೋದ ದಾರಿ ತಿಳಿಯಿತು. ಎರಡನೆಯದನ್ನು ಹಾಕುವಾಗ ಯಂತ್ರ ತುಸು ಪಕ್ಕಕ್ಕೆ ಹೊರಳಿತ್ತು. ಅದರ ಬಾಯಿ ತಮ್ಮ ಕಡೆ ತಿರುಗಿದ್ದನ್ನು ಕಂಡ ದೇವದಾಸರು ಒಂದೇ ನೆಗೆತಕ್ಕೆ ಹಿಂದಿನ ಮೋಟು ಗೋಡೆ ದಾಟಿ ಆಚೆ ಕೂತರು. ಚೆಂಡು ಅವರ ತಲೆಯ ಮೇಲಿಂದ ಹಾದು ಗುಡ್ಡ ಸೇರಿತು.

ಎಂಜಿನು ನಿಂತ ಮೇಲೆ ಗ್ಲ್ಯಾಡಿಸ್ ಗೋಡೆಯ ಆಚೆ ಇಣುಕಿದಳು. "ಬೆನ್ನು ಹೇಗುಂಟು?"

ದೇವದಾಸರು ಆಗ ನೆನಪಾದವರಂತೆ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಆಗಾಗ ಬಿಡ್ತದೆ, ಆಗಾಗ ಹಿಡೀತದೆ."

"ವೇಗ ಸ್ವಲ್ಪ ಕಡಿಮೆ ಮಾಡಲು ಆಗ್ತದಾ ಮುದ್ದಣ್ಣ?" ಎಂದು ಅವಳು ಕೇಳಿದಳು.

ಮುದ್ದಣ್ಣ ತಲೆ ಕೆರೆದುಕೊಂಡ. "ಅದೊಂದು ಇನ್ನೂ ಯೋಚಿಸಿಲ್ಲ ಬಾಯಮ್ಮ. ಹೆಚ್ಚು ಮಾಡಲು ಆಗ್ತದೆ."

ಬಾಳೆಹಣ್ಣಿನ ಅಂಗಡಿಯವರನ್ನು ಸಮಾಧಾನಪಡಿಸಿ, ಉದುರಿದ ಹಣ್ಣನ್ನೆಲ್ಲ ಕೊಂಡು, ಅದನ್ನೇ ತಿನ್ನುತ್ತ ಮೂವರೂ ಮರಳಿದರು.

ಉಳಿದದ್ದು ಕುವೈತ್ ಒಂದೇ. ಅಲ್ಲಿ ಇನ್ನೂ ಕೆಲಸದಲ್ಲಿದ್ದ ಗ್ಲ್ಯಾಡಿಸಳ ಗೆಳತಿ ಪ್ಯಾಟ್ರಿಶಿಯಾ ಅಂಗಡಿಯ ಕೆಟಲಾಗು ಕಳಿಸಿದಳು. ಬ್ಯಾಟರಿಯಲ್ಲಿ ನಡೆಯುವ ಎರಡು ಯಂತ್ರಗಳ ಬಣ್ಣದ ಚಿತ್ರ ಅದರಲ್ಲಿತ್ತು. ದೊಡ್ಡದು ಬಹಳ ಚೆಂಡು ಹಿಡಿಯುತ್ತದೆ, ತಲೆ ಅತ್ತಿತ್ತ ತಿರುಗಿಸಿ ಎಡಕ್ಕೊಂದು ಬಲಕ್ಕೊಂದು ಎಸೆಯುತ್ತದೆ. ಸಣ್ಣದು ಸೂಟ್‌ಕೇಸಿನಂತಿದೆ, ಕಡಿಮೆ ಚೆಂಡು, ತಲೆ ತಿರುಗುವುದಿಲ್ಲ, ವೇಗ ಮಾತ್ರ ಹೆಚ್ಚು ಕಡಿಮೆ ಮಾಡಬಹುದು.

ಕೆಟಲಾಗು ಬಂದಿದೆಯೆಂದು ಕೇಳಿ ದೇವದಾಸರು ಭಾನುವಾರ ಶಂಕರಪುರಕ್ಕೇ ಬಂದರು. ಜೋಕಿಮನ ಹೆಂಡತಿ ಒಲಿಂಡಾ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. "ದೊಡ್ಡದೇ ತೆಗೆದುಕೊಳ್ಳಿ," ಎಂದರು ದೇವದಾಸರು, ಚಿತ್ರದ ಮೇಲೆ ಬೆರಳಿಟ್ಟು. "ನಿಮ್ಮಂಥ ಆಟಕ್ಕೆ ಎರಡೂ ಬದಿಗೆ ಚೆಂಡು ಬೇಕು. ಎಷ್ಟು ಚೆಂಡು ಹಿಡೀತದೆ ನೋಡಿ. ಅದಲ್ಲವೇ ಯಂತ್ರ?"

ಗ್ಲ್ಯಾಡಿಸಳಿಗೂ ಮನಸ್ಸು ದೊಡ್ಡದರ ಮೇಲೇ ಇತ್ತು. ಆದರೆ ಅವಳು ಒಳಗೆ ಹೋಗಿ ತಗಡಿನ ಟ್ರಂಕು ತಂದಳು. ಅಂಗಡಿಯಿಂದ ತಕ್ಕಡಿ ತರಿಸಿ, ಕೆಟಲಾಗಿನಲ್ಲಿ ದೊಡ್ಡ ಯಂತ್ರದ ತೂಕ ಎಷ್ಟಿತ್ತೋ ಅಷ್ಟು ಅಕ್ಕಿ ಅದಕ್ಕೆ ತುಂಬಿದಳು. ಟ್ರಂಕನ್ನು ಎತ್ತಿ ಅಂಗಳ ದಾಟಲು ಹೊರಟಳು. ಬಾವಿಕಟ್ಟೆಯ ತನಕ ಹೋಗಿ ಇಳಿಸಿಬಿಟ್ಟಳು.

"ಛೇ, ಅದಕ್ಕೇನು? ನಾವೆಲ್ಲ ಇಲ್ಲವಾ? ಯಾರಾದರೂ ಒಂದು ಕೈ ಕೊಡ್ತೇವೆ," ಎಂದರು ದೇವದಾಸರು.

"ಯಾರಾದರೂ ಒಂದು ಕೈ ಕೊಡುವ ಹಾಗಿದ್ದರೆ, ಆ ಕೈಯಲ್ಲಿ ರ್ಯಾಕೆಟ್ ಹಿಡಿದು ಎದುರು ನಿಲ್ಲಬಹುದಿತ್ತಲ್ಲ? ಯಂತ್ರವೇ ಬೇಕಿರಲಿಲ್ಲ."

ಒಲಿಂಡಾ ತಲೆ ತಗ್ಗಿಸಿ ಹೂವಿನ ಕಡೆಗೆ ನಕ್ಕಳು. ದೇವದಾಸರು ಕೆಟಲಾಗಿನ ಹಿಂಬದಿಯಲ್ಲಿದ್ದ ಇಸ್ತ್ರಿಪೆಟ್ಟಿಗೆಗಳ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಗ್ಲ್ಯಾಡಿಸ್ ಟ್ರಂಕಿನಿಂದ ಅಕ್ಕಿ ತೆಗೆದು ಸಣ್ಣ ಯಂತ್ರದ ತೂಕಕ್ಕೆ ಇಳಿಸಿದಳು. ಈ ಸಲ ಅಂಗಳ ಒಂದು ಸುತ್ತು ಬಂದಳು, ಕಾರಿನ ಡಿಕ್ಕಿಗೆ ಹಾಕಿದಳು, ತೆಗೆದಳು, ಜಗಲಿಗೆ ತಂದಿಟ್ಟಳು. ಉಸಿರು ಏರಿತ್ತು, ಆದರೆ ಯಾರ ಮುಖವನ್ನೂ ನೋಡುವ ಅಗತ್ಯ ಬಿದ್ದಿರಲಿಲ್ಲ. "ಇದೇ," ಎಂದಳು.

ಕ್ರಿಸ್‌ಮಸ್ಸಿಗೆ ಊರಿಗೆ ಬಂದ ಪ್ಯಾಟ್ರಿಶಿಯಾ ಯಂತ್ರವನ್ನು ಹೊತ್ತು ತಂದಳು. ಇದು ಎಂತದ್ದೆಂದು ಬೊಂಬಾಯಿಯ ಕಸ್ಟಮ್ಸಿನವರಿಗೆ ತಿಳಿಸಲು ಅವಳು ವಿಮಾನ ನಿಲ್ದಾಣದಲ್ಲಿ ಬರಿಗೈಯಲ್ಲೇ ಫೋರ್‌ಹ್ಯಾಂಡ್ ಹೊಡೆದು ತೋರಿಸಬೇಕಾಯಿತಂತೆ.

ಹೊಸ ವರ್ಷದಿಂದ ಗ್ಲ್ಯಾಡಿಸ್ ದಿನಾ ಬೆಳಿಗ್ಗೆ ಯಂತ್ರ ಎತ್ತಿಕೊಂಡು ಕ್ಲಬ್ಬಿಗೆ ಬರತೊಡಗಿದಳು. ಯಂತ್ರ ಒಳ್ಳೆಯದೇ. ಹೇಳಿದ ಜಾಗಕ್ಕೆ, ಹೇಳಿದ ವೇಗದಲ್ಲಿ, ಒಂದಾದ ಮೇಲೆ ಒಂದು ಎಸೆಯುತ್ತಿತ್ತು. ಬೆತ್ತದ ಕುರ್ಚಿಗಳು ಒಂದೊಂದಾಗಿ ಕೋರ್ಟಿನ ಹತ್ತಿರಕ್ಕೆ ಸರಿದವು. ಮೊದಲು ದೇವದಾಸರು "ಕಾರ್ಯದರ್ಶಿಯಾಗಿ ಒಮ್ಮೆ ಪರೀಕ್ಷಿಸಬೇಕು" ಎಂದರು. ಅವರ ಪರೀಕ್ಷೆ ಮುಗಿಯಲೇ ಇಲ್ಲ. ಅವರನ್ನು ಕಂಡು ಉಳಿದವರೂ ಪರೀಕ್ಷಿಸಿದರು. ಯಂತ್ರದ ಎದುರು ಎಷ್ಟು ತಪ್ಪಿದರೂ ಮಾನ ಹೋಗುವುದಿಲ್ಲ. ಅದು ಸಂಜೆ ಪೇಟೆಯಲ್ಲಿ ಸಿಕ್ಕಿ ನಗುವುದಿಲ್ಲ. ಗ್ಲ್ಯಾಡಿಸ್ ಬೇಡವೆನ್ನಲಿಲ್ಲ. ತಾನು ಆಡಿ ಮುಗಿದ ಮೇಲೆ ಯಾರು ಬೇಕಾದರೂ ಆಡಲಿ ಎಂದು ಯಂತ್ರವನ್ನು ಅಲ್ಲೇ ಬಿಟ್ಟು, ತಾನು ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ಆದರೆ ಅವಳಿಗೆ ಮಾತ್ರ ಅಷ್ಟು ಖುಷಿಯಾಗಲಿಲ್ಲ. ದೇವದಾಸರನ್ನು ಓಡಿಸಿದ ಹಾಗೆ ಯಂತ್ರವನ್ನು ಓಡಿಸಲು ಆಗುವುದಿಲ್ಲ. ಮೂಲೆಗೆ ಹೊಡೆದ ಚೆಂಡು ಎಷ್ಟು ಚೆಂದವಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಆಗಲೇ ಇನ್ನೊಂದು ಎಸೆದಾಗಿರುತ್ತದೆ. ಮತ್ತೆ ಚೆಂಡೆಲ್ಲ ಹೆಕ್ಕುವುದು. ಅದು ಯಾವ ಕೆಟಲಾಗಿನಲ್ಲೂ ಬರೆದಿರಲಿಲ್ಲ. ಬಗ್ಗಿ, ಎದ್ದು, ಬಗ್ಗಿ, ಎದ್ದು, ಫೆಬ್ರವರಿಯ ಒಂದು ಬೆಳಿಗ್ಗೆ ಗ್ಲ್ಯಾಡಿಸ್ ಬಗ್ಗಿದವಳು ಏಳಲಿಲ್ಲ. ಅಲ್ಲಿದ್ದವರು ಕಾರಿನಲ್ಲಿ ಮಲಗಿಸಿ ಶಂಕರಪುರಕ್ಕೆ ತಂದುಬಿಟ್ಟರು.

ಸಂಜೆ ದೇವದಾಸರು ನೋಡಲು ಬಂದರು. ಒಲಿಂಡಾ ಕೊಟ್ಟ ಕಾಫಿ ಹಿಡಿದುಕೊಂಡು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಬಹಳ ಹೊತ್ತು ಕಾಫಿ ಆರಿಸಿದರು.

"ನೋವು ಎಲ್ಲಿ ಬರ್ತದೆ?" ಎಂದು ಕೇಳಿದರು.

"ನಿಮಗೆ ಗೊತ್ತಿಲ್ಲವಾ?"

"ಇಲ್ಲ ಬಾಯಿ," ಎಂದರು ದೇವದಾಸರು. "ನನಗೆ ಬೆನ್ನುನೋವು ಯಾವತ್ತೂ ಬಂದದ್ದಿಲ್ಲ."

ಗ್ಲ್ಯಾಡಿಸ್ ನಗಲು ಹೋಗಿ ನೋವಿಗೆ "ಅಯ್ಯೋ" ಎಂದಳು. "ನಗಿಸಬೇಡಿ ಮಾರಾಯ್ರೆ. ಅದು ಕಾರ್ಕಳದ ಗೋಡೆಗೂ ಗೊತ್ತುಂಟು."

ದೇವದಾಸರು ಕೆಂಪಾದರು. ಆಮೇಲೆ ನೆಲ ನೋಡುತ್ತ ಹೇಳಿದರು: "ಸೋತದ್ದು ದೊಡ್ಡದಲ್ಲ. ಮನೆಗೆ ಹೋದ ಮೇಲೆ ಹೆಂಡತಿ ಕೇಳಿದಳು, ಯಾರ ಜೊತೆ ಆಡಿದಿರಿ ಅಂತ. ನನಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟೆ. ಗುಣವಾದ ಮೇಲೆ ಇನ್ನೊಮ್ಮೆ ಆಡುವ. ನನ್ನ ಬ್ಯಾಕ್‌ಹ್ಯಾಂಡ್ ಈಗ ಸ್ವಲ್ಪ ಸರಿಯಾಗಿದೆ. ನಿಮ್ಮ ಯಂತ್ರದ ದಯೆ."

"ಆಗಬಹುದು," ಎಂದಳು ಗ್ಲ್ಯಾಡಿಸ್, ಮುಖ ಗೋಡೆಯ ಕಡೆ ಮಾಡಿ.

ಮಾರ್ಚಿ ತಿಂಗಳ ಒಂದು ಶನಿವಾರ ಆಡಿದರು. ಈ ಸಲ ದೇವದಾಸರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಸ್ವಲ್ಪ ಸರಿಯಾಗಿದೆ ಎಂದದ್ದು ಅವರ ವಿನಯವಾಗಿತ್ತು. ಗ್ಲ್ಯಾಡಿಸ್ ಎಲ್ಲಿಗೆ ಹೊಡೆದರೂ ಅವರ ಬ್ಯಾಕ್‌ಹ್ಯಾಂಡಿನಿಂದ ಚೆಂಡು ಗೆರೆಯ ಪಕ್ಕದಲ್ಲೇ ಹಿಂದೆ ಬಂತು. ಅವಳೇ ಓಡಬೇಕಾಯಿತು. ಮೂರನೆಯ ಸೆಟ್ಟಿನಲ್ಲಿ ಅವಳು ಸೋತಳು. ನೆಟ್ಟಿನ ಹತ್ತಿರ ಬಂದು ಕೈ ಕುಲುಕಿದಳು, ಅವರ ಹೆಂಡತಿಗೂ ನಮಸ್ಕಾರ ಹೇಳಿದಳು, ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

"ಈಗ ಊರಿಗೆಲ್ಲ ಆರೋಗ್ಯ," ಎಂದು ಜೋಕಿಮ್ ಊಟದ ಹೊತ್ತಿಗೆ ಹೇಳಿನೋಡಿದ.

"ಮೀನು ಬಡಿಸು," ಎಂದಳು ಗ್ಲ್ಯಾಡಿಸ್.

ಮುಂದಿನ ಶನಿವಾರ ಅವಳು ಗೆದ್ದಳು. ಅದರ ಮುಂದಿನ ಶನಿವಾರ ಯಾರು ಗೆದ್ದದ್ದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕೊನೆಯ ಚೆಂಡು ಗೆರೆಯ ಮೇಲೇ ಬಿತ್ತೆಂದು ದೇವದಾಸರು ಹೇಳುತ್ತಾರೆ. ಒಂದು ಬೆರಳು ಹೊರಗೆ ಬಿತ್ತೆಂದು ಗ್ಲ್ಯಾಡಿಸ್. ಅವತ್ತು ಇಬ್ಬರೂ ನೆಲಕ್ಕೆ ಬಗ್ಗಿ, ಸೆಗಣಿಯ ಮೇಲಿನ ಗುರುತನ್ನು ಕತ್ತಲಾಗುವವರೆಗೂ ಹುಡುಕಿದರು. ದೇವದಾಸರ ಹೆಂಡತಿ ಕಾದು ಕಾದು ಸಾಕಾಗಿ ಬಸ್ಸು ಹಿಡಿದು ಕಡಿಯಾಳಿಯ ಮನೆಗೆ ಒಬ್ಬರೇ ಹೋದರು.