ಎರಡು ಕಾರು, ಒಂದು ಬಾಗಿಲು

೧೯೭೪ರಲ್ಲಿ ನಾನು ಕುಂದಗೋಳದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮುಂಬಯಿಯ ಒಂದು ಮಾಸಪತ್ರಿಕೆ ಸ್ಪೋರ್ಟ್ಸ್ ಕಾರಿನ ಹೊಸ ವಿನ್ಯಾಸಕ್ಕಾಗಿ ಚಿತ್ರಸ್ಪರ್ಧೆ ಇಟ್ಟಿತ್ತು. ಅಲ್ಲಿಯವರೆಗೆ ನಾನು ಕಾರಿನಲ್ಲಿ ಕೂತದ್ದು ಒಮ್ಮೆ ಮಾತ್ರ, ಅದೂ ನನ್ನ ಮದುವೆಯ ದಿನ. ಆದರೂ ನನ್ನಷ್ಟು ಕಾರು ಬಲ್ಲವರು ತಾಲೂಕಿನಲ್ಲೇ ಇಲ್ಲವೆಂದು ನಂಬಿದ್ದೆ.

ಮೊದಲು ಇಸ್ತ್ರಿಪೆಟ್ಟಿಗೆಯಂತೆ ಚೂಪಾದ, ಚಪ್ಪಟೆಯಾದ ಹೊಸ ನಮೂನೆಯ ಕಾರು ಬರೆದೆ. ಆಮೇಲೆ ಧೈರ್ಯ ಸಾಲದೆ, ದುಂಡು ದೀಪ, ಉದ್ದ ಮೂತಿ, ಉಬ್ಬಿದ ಮಡ್‌ಗಾರ್ಡುಗಳ ಹಳೆಯ ಕಾಲದ ಕಾರನ್ನೂ ಬರೆದೆ. ಯಾವುದನ್ನು ಕಳಿಸಲಿ ಎಂದು ಒಂದು ತಿಂಗಳು ಹೆಂಡತಿ ಶಾರದವ್ವಳ ತಲೆ ತಿಂದೆ.

"ಬಡಿಗೇರ ಮೋನಪ್ಪಗ ಕೇಳ್ರಿ. ಅಂವಾ ಲಾರಿ ಬಾಡಿ ಕಟ್ಟತಾನ," ಎಂದಳು ಬೇಸತ್ತು.

ಮೋನಪ್ಪ ಎರಡೂ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದ.

"ಎರಡೂ ಛಲೋ ಅದಾವ್ರಿ ಮಾಸ್ತರ್ರ. ಒಳಗ ಹೋಗೂದು ಹ್ಯಾಂಗ್ರಿ?"

ಎರಡರಲ್ಲೂ ನಾನು ಬಾಗಿಲು ಬರೆದಿರಲಿಲ್ಲ.

"ಸ್ಪೋರ್ಟ್ಸ್ ಕಾರಿನ್ಯಾಗ ಮ್ಯಾಲಿಂದ ಜಿಗಿದು ಕೂಡ್ತಾರ," ಎಂದೆ ಗಂಭೀರವಾಗಿ.

"ಶಾರದಕ್ಕಾರೂ ಜಿಗೀತಾರೇನ್ರಿ?"

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹೊಸ ಕಾರಿಗೆ ಹಿಂದಕ್ಕೆ ಸರಿಯುವ ಬಾಗಿಲೊಂದನ್ನು ಗೀಚಿಕೊಟ್ಟ. ಅದನ್ನೇ ಚೊಕ್ಕಟವಾಗಿ ತಿದ್ದಿ ಕಳಿಸಿದೆ.

ಬಹುಮಾನ ಬರಲಿಲ್ಲ, ಪತ್ರ ಬಂತು. ಕಾರಿನ ಆಕಾರ ಪರದೇಶದಲ್ಲಿ ಆಗಲೇ ಬಂದು ಹಳತಾಗಿದೆ, ಬಾಗಿಲು ಮಾತ್ರ ಹೊಸದು, ಅದಕ್ಕಾಗಿ ಅಭಿನಂದನೆ ಎಂದು ಬರೆದಿದ್ದರು. ಪತ್ರವನ್ನು ಶಾಲೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮೋನಪ್ಪನ ಹೆಸರು ಹೇಳಲು ನನಗೆ ಮತ್ತೆ ಹದಿನೈದು ದಿನ ಬೇಕಾಯಿತು.